ಗಿರಾಕಿ ಫೋನ್ ಮಾಡುವ ಮೊದಲೇ ಗೊತ್ತಾಗಲಿ

ಹೋದ ತಿಂಗಳು ಬ್ಯಾಕಪ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯದೇ ಗೋಳು ಹೇಳಿದವು. ಸಾಫ್ಟ್‌ವೇರ್ ಕೆಟ್ಟು ನಿಂತರೆ ನಮಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ ಅಂತ. ಹಾಗಾಗಿ ಈ ಸಲ ಅದರ ಮೇಲೆ ನಿಗಾ ಇಡುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಧನಗಳದ್ದೇ ಮಾತು.

ಪ್ರಶ್ನೆ: ನಾವಿಬ್ಬರು ಗೆಳೆಯರು ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುತ್ತೇವೆ. ಬಾಡಿಗೆಯ ಒಂದೇ ಸರ್ವರ್. ಅದು ನಿಂತರೆ ಅಂಗಡಿಯವರು ಫೋನ್ ಮಾಡಿ ಬೈದ ಮೇಲೆ ನಮಗೆ ಗೊತ್ತಾಗುತ್ತದೆ. ಹುಡುಕಿದರೆ ನಾಗಿಯೋಸ್, ಜ್ಯಾಬಿಕ್ಸ್, ಪ್ರೊಮಿಥಿಯಸ್ ಅಂತ ಹತ್ತಾರು ಹೆಸರು ಬರುತ್ತವೆ. ಯಾವುದನ್ನು ಹಾಕೋಣ?
— ಓದುಗರು, ದಾವಣಗೆರೆ

ಮೊದಲು ಈ ಯಾವುದೂ ಬೇಡ. ಅಪ್‌ಟೈಮ್ ಕೂಮಾ ಹಾಕಿ. ಕೂಮಾ ಅಂದರೆ ಜಪಾನಿ ಭಾಷೆಯಲ್ಲಿ ಕರಡಿ. ಅದು ಮಾಡುವ ಕೆಲಸ ಬಹಳ ಸರಳ. ನಿಮಿಷಕ್ಕೊಮ್ಮೆ ನಿಮ್ಮ ಸೈಟ್‌ನ ಬಾಗಿಲು ತಟ್ಟುತ್ತದೆ, ಯಾರೂ ಓ ಅನ್ನದಿದ್ದರೆ ಟೆಲಿಗ್ರಾಮ್‌ಗೆ ಸುದ್ದಿ ಕಳಿಸುತ್ತದೆ. ಪುಟದಲ್ಲಿ ಒಂದು ಗೊತ್ತಾದ ಪದ ಇದೆಯೇ ಅಂತಲೂ ನೋಡುತ್ತದೆ. ಇದನ್ನು ತಪ್ಪದೆ ಬಳಸಿ. ಎಷ್ಟೋ ಸಲ ಸರ್ವರ್ ‘ನಾನು ಚೆನ್ನಾಗಿದ್ದೇನೆ’ ಅನ್ನುತ್ತಲೇ ಖಾಲಿ ಪುಟ ಕೊಡುತ್ತಿರುತ್ತದೆ. ಸೈಟ್‌ನ ಗುರುತು ದೃಢಪಡಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ನ ಅವಧಿ ಮುಗಿಯುವುದನ್ನೂ ಮುಂಚೆಯೇ ಹೇಳುತ್ತದೆ. ಹೆಚ್ಚೆಂದರೆ ಅರ್ಧ ದಿನದ ಕೆಲಸ.

ಒಂದೇ ಒಂದು ಷರತ್ತು. ಇದನ್ನು ಬಿಲ್ಲಿಂಗ್ ಸರ್ವರ್‌ನಲ್ಲೇ ಹಾಕಬೇಡಿ. ಬೇರೆ ಕಡೆ ಇಡಿ. ಮನೆಯ ಹಳೇ ಲ್ಯಾಪ್‌ಟಾಪ್ ಆದರೂ ಸರಿ, ಕರೆಂಟ್ ಹೋದಾಗ ನಡೆಯುವಂತಿದ್ದರೆ ಸಾಕು.

ಇದನ್ನು ನಾನು ಕಲಿತದ್ದು ಉಗಿಸಿಕೊಂಡು. ಆಗ ಬಸ್ ಟಿಕೆಟ್ ಬುಕಿಂಗ್‌ನ ಒಂದು ಚಿಕ್ಕ ಕಂಪನಿಯ ಸರ್ವರ್‌ಗಳು ನನ್ನ ಕೈಲಿದ್ದವು. ದುಡ್ಡು ಉಳಿಸೋಣ ಅಂತ, ನಿಗಾ ಇಡಬೇಕಾದ ಪ್ರೊಮಿಥಿಯಸ್ಸನ್ನೂ ಅದೇ ಸರ್ವರ್‌ನಲ್ಲಿ ಕೂರಿಸಿದ್ದೆ. ದಸರಾ ರಜೆಗೆ ಮುಂಚಿನ ರಾತ್ರಿ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್ ಬೆಳೆದು ಬೆಳೆದು ಡಿಸ್ಕ್ ತುಂಬಿತು. ಟಿಕೆಟ್ ಬುಕಿಂಗ್ ನಿಂತಿತು. ಪ್ರೊಮಿಥಿಯಸ್‌ಗೂ ಬರೆಯಲು ಜಾಗವಿಲ್ಲದೆ ಅದೂ ನಿಂತಿತು. ನಾನು ಧಾರವಾಡದಲ್ಲಿ ಹಾಯಾಗಿ ಮಲಗಿದ್ದೆ. ಬೆಳಿಗ್ಗೆ ಆರಕ್ಕೆ ಶಿರಸಿಯಿಂದ ಏಜೆಂಟರೊಬ್ಬರು ಫೋನ್ ಮಾಡಿ, ‘ಮೇಡಂ, ನಿಮ್ಮದು ಅಂಗಡಿ ಮುಚ್ಚಿತಾ?’ ಅಂದರು. ಗ್ರಾಫ್ ತೆಗೆದು ನೋಡಿದರೆ ರಾತ್ರಿ 9.40ರವರೆಗೆ ಗೆರೆ ಇತ್ತು. ಆಮೇಲೆ ಬರೀ ಬಿಳಿ.

ಕರಡಿಯ ಜೊತೆ ಒಂದೆರಡು ತಿಂಗಳು ಕಳೆಯಿರಿ. ಆಮೇಲೆ ‘ನಿಂತಿದ್ದು ಗೊತ್ತಾಯಿತು, ಯಾಕೆ ನಿಂತಿತು?’ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಪ್ರೊಮಿಥಿಯಸ್ ಬೇಕಾಗುವುದು ಆಗ. ನಾಗಿಯೋಸ್ 1999ರದ್ದು, ಲಾಟ್ವಿಯಾದ ಜ್ಯಾಬಿಕ್ಸ್ 2001ರದ್ದು. ಎರಡೂ ಹಳೇ ಹುಲಿಗಳೇ. ಸ್ವಿಚ್, ರೌಟರ್, ಪ್ರಿಂಟರ್ ತುಂಬಿದ ಆಫೀಸಿಗೆ ನಾನು ಇವತ್ತೂ ಜ್ಯಾಬಿಕ್ಸ್ ಹಾಕುತ್ತೇನೆ. ಆದರೆ ನಿಮ್ಮದೇ ಕೋಡ್‌ನ ಒಳಗೆ ಇಣುಕಬೇಕು ಅಂದರೆ ಪ್ರೊಮಿಥಿಯಸ್ ಒಳ್ಳೆಯದು. ಇದು 2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿತು. ಶುರು ಮಾಡಿದ ಇಬ್ಬರೂ ಮೊದಲು ಗೂಗಲ್‌ನಲ್ಲಿದ್ದವರು. ಅಲ್ಲಿ ಬಳಸಿದ್ದ ಬೋರ್ಗ್‌ಮನ್ ಎಂಬ ಸಾಧನದ ರುಚಿ ಬಿಡಲಾಗದೆ ಇದನ್ನು ಕಟ್ಟಿದರು.

ಅದು ನಡೆಯುವ ರೀತಿ ನಿಮಗೆ ಹೊಸದೇನಲ್ಲ. ಕರೆಂಟ್ ಮೀಟರ್ ನೋಡಲು ಬರುವವರು ತಿಂಗಳಿಗೊಮ್ಮೆ ಬರುತ್ತಾರೆ, ರೀಡಿಂಗ್ ಬರೆದುಕೊಂಡು ಹೋಗುತ್ತಾರೆ. ಪ್ರೊಮಿಥಿಯಸ್ 15 ಸೆಕೆಂಡಿಗೊಮ್ಮೆ ಬರುತ್ತದೆ, ಅಷ್ಟೇ ವ್ಯತ್ಯಾಸ. ನಿಮ್ಮ ಪ್ರೋಗ್ರಾಂ ‘ಶುರುವಾದಾಗಿನಿಂದ ಇಷ್ಟು ಬಿಲ್ ಮಾಡಿದ್ದೇನೆ’ ಅಂತ ಮೀಟರ್ ತೋರಿಸಿಕೊಂಡು ಕೂತಿದ್ದರೆ ಸಾಕು. ಮೀಟರ್‌ನ ಅಂಕಿ ನೋಡಿ ಯಾರೂ ದುಡ್ಡು ಕಟ್ಟುವುದಿಲ್ಲ, ಎರಡು ರೀಡಿಂಗ್‌ಗಳ ನಡುವಿನ ವ್ಯತ್ಯಾಸಕ್ಕೆ ಕಟ್ಟುತ್ತೇವೆ. ಪ್ರೊಮಿಥಿಯಸ್‌ನ ‘ರೇಟ್’ ಫಂಕ್ಷನ್ ಇದೇ ಲೆಕ್ಕ ಮಾಡಿ ಸೆಕೆಂಡಿಗೆ ಎಷ್ಟು ಅಂತ ಹೇಳುತ್ತದೆ. ಪ್ರೋಗ್ರಾಂ ರೀಸ್ಟಾರ್ಟ್ ಆದರೆ ಹೊಸ ಮೀಟರ್ ಕೂರಿಸಿದ ಹಾಗೆ ಅಂಕಿ ಸೊನ್ನೆಗೆ ಬರುತ್ತದೆ. ಅದನ್ನೂ ಅದು ಗುರುತಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ.

ಜಾಗ ಎಷ್ಟು ತಿನ್ನುತ್ತದೋ ಅಂತ ಹೆದರಬೇಡಿ. ಒಂದು ಸರ್ವರ್‌ನ ಸಿಪಿಯು, ಡಿಸ್ಕ್, ಮೆಮೊರಿ ತೋರಿಸುವ ನೋಡ್ ಎಕ್ಸ್‌ಪೋರ್ಟರ್‌ನಿಂದ ಸಾವಿರ ಮೀಟರ್ ಬಂತು ಅಂದುಕೊಳ್ಳಿ. ಪ್ರತಿ ಮೀಟರ್‌ನಿಂದ ದಿನಕ್ಕೆ 5760 ರೀಡಿಂಗ್, ಒಂದೊಂದು ರೀಡಿಂಗ್‌ಗೆ ಹೆಚ್ಚುಕಮ್ಮಿ 2 ಬೈಟ್. ಅದು ತಾನಾಗಿ ಇಟ್ಟುಕೊಳ್ಳುವ 15 ದಿನಕ್ಕೆ ಲೆಕ್ಕ ಹಾಕಿದರೂ 170 ಎಂಬಿ ಆಸುಪಾಸು. ನಿಮ್ಮ ಮೊಬೈಲ್‌ನಲ್ಲಿರುವ ಮದುವೆ ವಿಡಿಯೊ ಇದಕ್ಕಿಂತ ದೊಡ್ಡದಿರುತ್ತದೆ.

ಈ ಅಂಕಿಗಳನ್ನು ಗ್ರಾಫ್ ಆಗಿ ನೋಡಲು ಗ್ರಫಾನಾ ಹಾಕಿಕೊಳ್ಳಿ. ಹಾಕಿದ ಕೂಡಲೇ ಅಡ್ಮಿನ್, ಅಡ್ಮಿನ್ ಅನ್ನುವ ಪಾಸ್‌ವರ್ಡ್ ಬದಲಾಯಿಸಿ. ಊರಿಗೆಲ್ಲ ತೆರೆದಿಟ್ಟ ಎಷ್ಟು ಗ್ರಫಾನಾ ನೋಡಿದ್ದೇನೋ!

ಪ್ರಶ್ನೆ: ನಮ್ಮ ಆಫೀಸಿನ ಅಲರ್ಟ್ ಗ್ರೂಪ್‌ಗೆ ದಿನಕ್ಕೆ ಮುನ್ನೂರು ಮೆಸೇಜ್ ಬರುತ್ತವೆ. ಎಲ್ಲರೂ ಮ್ಯೂಟ್ ಮಾಡಿದ್ದಾರೆ. ಹೋದ ವಾರ ಡೇಟಾಬೇಸ್ ನಿಂತಾಗ ಆ ಮೆಸೇಜನ್ನೂ ಯಾರೂ ನೋಡಲಿಲ್ಲ. ಏನು ಮಾಡಬೇಕು?
— ಹೆಸರು ಬೇಡ ಅಂದ ಓದುಗರು, ಬೆಂಗಳೂರು

ಮ್ಯೂಟ್ ಮಾಡಿದವರ ತಪ್ಪಿಲ್ಲ. ನಾನಾದರೂ ಮಾಡುತ್ತಿದ್ದೆ.

ಒಂದು ಭಾನುವಾರ ಚಹಾ ಮಾಡಿಕೊಂಡು ಕೂತು, ಹಿಂದಿನ ವಾರದ ಮೆಸೇಜ್‌ಗಳನ್ನೆಲ್ಲ ಓದಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಬಂದಾಗ ಯಾರಾದರೂ ಎದ್ದು ಏನಾದರೂ ಮಾಡಿದರಾ? ಇಲ್ಲ ಅಂದರೆ ಅಳಿಸಿ. ‘ಇರಲಿ ಬಿಡಿ, ಮುಂದೆ ಬೇಕಾಗಬಹುದು’ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅವರ ಮಾತು ಕೇಳಬೇಡಿ. ಅದನ್ನು ಗ್ರಾಫ್‌ನಲ್ಲಿ ನೋಡಿಕೊಳ್ಳಲಿ, ರಾತ್ರಿ ಎರಡಕ್ಕೆ ಫೋನ್ ಕುಣಿಯಬೇಕಾಗಿಲ್ಲ.

‘ಸಿಪಿಯು ಶೇ 90 ದಾಟಿತು’ ಅನ್ನುವುದು ಸಾಮಾನ್ಯವಾಗಿ ಮೊದಲು ಹೋಗಬೇಕಾದ ಅಲರ್ಟ್. ಸಿಪಿಯು ಇರುವುದೇ ದುಡಿಯಲಿಕ್ಕೆ, ಅಲ್ವಾ? ಬಳಸುವವರಿಗೆ ತೊಂದರೆ ಆಗಿದೆಯೇ ಅಂತ ಕೇಳಿ: ಎಷ್ಟು ಪುಟ ತಪ್ಪಾಗಿ ಬರುತ್ತಿವೆ, ಎಷ್ಟು ನಿಧಾನ. ಡಿಸ್ಕ್‌ಗೂ ‘80 ಭಾಗ ತುಂಬಿದೆ’ ಅನ್ನುವ ಅಲರ್ಟ್ ತೆಗೆಯಿರಿ. ವರ್ಷಗಟ್ಟಲೆ 82ರಲ್ಲೇ ಆರಾಮಾಗಿ ಕೂತ ಡಿಸ್ಕ್‌ಗಳಿವೆ. ಪ್ರೊಮಿಥಿಯಸ್‌ನಲ್ಲಿ ‘ಪ್ರೆಡಿಕ್ಟ್ ಲೀನಿಯರ್’ ಅಂತ ಒಂದು ಫಂಕ್ಷನ್ ಇದೆ. ಕಳೆದ ಆರು ಗಂಟೆಯ ವೇಗ ನೋಡಿ, ಹೀಗೇ ಹೋದರೆ ನಾಳೆ ಇಷ್ಟೊತ್ತಿಗೆ ತುಂಬುತ್ತದೆಯೇ ಅಂತ ಹೇಳುತ್ತದೆ. ಆ ದಸರಾ ರಾತ್ರಿ ನನ್ನ ಬಳಿ ಇದೊಂದು ಸಾಲು ಇದ್ದಿದ್ದರೆ ಶಿರಸಿಯವರ ಮಾತು ಕೇಳಬೇಕಾಗುತ್ತಿರಲಿಲ್ಲ.

ಇನ್ನು ಅಲರ್ಟ್ ನಿಯಮಗಳಲ್ಲಿ ‘ಫಾರ್’ ಅನ್ನುವ ಸಾಲಿಗೆ 10 ನಿಮಿಷ ಅಂತ ಬರೆಯಿರಿ. ತೊಂದರೆ ಅಷ್ಟು ಹೊತ್ತು ಉಳಿದರೆ ಮಾತ್ರ ಮೆಸೇಜ್ ಬರುತ್ತದೆ, ಬಂದು ಹೋಗುವ ಸೀನು ಕೆಮ್ಮಿಗೆಲ್ಲ ಬರುವುದಿಲ್ಲ. ಪ್ರೊಮಿಥಿಯಸ್‌ನ ಅಲರ್ಟ್‌ಗಳನ್ನು ಹಂಚುವ ಅಲರ್ಟ್‌ಮ್ಯಾನೇಜರ್‌ನಲ್ಲಿ ಒಂದೇ ಕಾರಣದ ಮೆಸೇಜ್‌ಗಳನ್ನು ಗುಂಪು ಮಾಡಿ. ಡೇಟಾಬೇಸ್ ನಿಂತಾಗ ಅದನ್ನು ನಂಬಿದ ನಲವತ್ತು ಸರ್ವಿಸ್‌ಗಳೂ ಬೇರೆಬೇರೆಯಾಗಿ ಅಳುವುದು ಬೇಡ. ದೊಡ್ಡದು ಕೂಗಿದಾಗ ಚಿಕ್ಕವನ್ನು ಸುಮ್ಮನಿರಿಸುವ ನಿಯಮವೂ ಅದರಲ್ಲಿದೆ.

ಎಲ್ಲ ತೆಗೆದ ಮೇಲೆ ಒಂದನ್ನು ಸೇರಿಸಿ: ಯಾವಾಗಲೂ ಕೂಗುತ್ತಲೇ ಇರುವ ಅಲರ್ಟ್. ತಮಾಷೆಯಲ್ಲ. ನಮ್ಮ ಬೀದಿಯಲ್ಲಿ ಗಸ್ತಿನವರು ರಾತ್ರಿಯೆಲ್ಲ ಸೀಟಿ ಊದುತ್ತಾರೆ. ಸೀಟಿ ಕೇಳಿಸದಿದ್ದರೆ ನಮ್ಮ ಅಮ್ಮನಿಗೆ ಎಚ್ಚರ ಆಗುತ್ತದೆ. ಹಾಗೆಯೇ ಆ ಅಲರ್ಟನ್ನು ಹೊರಗಿನ ಬೇರೊಂದು ಜಾಗಕ್ಕೆ ಕಳಿಸುತ್ತಿರಿ. ಅದು ಬರುವುದು ನಿಂತರೆ ಅಲ್ಲಿಂದ ನಿಮಗೆ ಫೋನ್ ಬರಲಿ. ಹೆಲ್ತ್‌ಚೆಕ್ಸ್ ಎಂಬ ಓಪನ್ ಸೋರ್ಸ್ ಸಾಧನ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಪ್ರಶ್ನೆ: ನಮ್ಮ ಪ್ರೊಮಿಥಿಯಸ್ ವಾರಕ್ಕೆರಡು ಸಲ ಮೆಮೊರಿ ಸಾಲದೆ ಸಾಯುತ್ತಿದೆ. 8 ಜಿಬಿಯಿಂದ 16 ಮಾಡಿದೆವು. ಆದರೂ ಅಷ್ಟೇ. ಇತ್ತೀಚೆಗೆ ಮಾಡಿದ ಬದಲಾವಣೆ ಅಂದರೆ, ಯಾವ ಗ್ರಾಹಕರಿಗೆ ತೊಂದರೆ ಆಯಿತು ಅಂತ ತಿಳಿಯಲು ಮೊಬೈಲ್ ನಂಬರನ್ನು ಲೇಬಲ್ ಆಗಿ ಸೇರಿಸಿದ್ದು.
— ಓದುಗರು, ಹುಬ್ಬಳ್ಳಿ

ಕಾಯಿಲೆ, ಕಾರಣ ಎರಡನ್ನೂ ನೀವೇ ಬರೆದಿದ್ದೀರಿ. ಲೇಬಲ್ ಅಂದರೆ ಮೀಟರ್‌ಗೆ ಅಂಟಿಸುವ ಚೀಟಿ. ಚೀಟಿಯಲ್ಲಿ ಬರುವ ಪ್ರತಿ ಹೊಸ ಮೌಲ್ಯಕ್ಕೂ ಮೆಮೊರಿ ತಿನ್ನುವ ಒಂದು ಹೊಸ ಮೀಟರ್ ಹುಟ್ಟುತ್ತದೆ. 40 ಸಾವಿರ ಗ್ರಾಹಕರು, 12 ಪುಟ, 3 ಬಗೆಯ ಉತ್ತರ ಅಂದರೆ 14 ಲಕ್ಷ 40 ಸಾವಿರ ಮೀಟರ್. 32 ಜಿಬಿ ಹಾಕಿದರೂ ಬರುವ ವರ್ಷ ಮತ್ತೆ ನನಗೆ ಪತ್ರ ಬರೆಯುತ್ತೀರಿ.

ಊರು, ಪುಟ, ಆವೃತ್ತಿ ಹೀಗೆ ಬೆರಳೆಣಿಕೆಯವು ಮಾತ್ರ ಲೇಬಲ್ ಆಗಲಿ. ಒಬ್ಬೊಬ್ಬರ ವಿವರ ಲಾಗ್‌ನಲ್ಲಿರಲಿ. ಲಾಗ್ ಹುಡುಕಲು ಗ್ರಫಾನಾದವರದ್ದೇ ಲೋಕಿ ಇದೆ. ಅದರಲ್ಲೂ ನಂಬರನ್ನು ಲೇಬಲ್ ಮಾಡಿಬಿಡಬೇಡಿ, ಅಲ್ಲೂ ಇದೇ ಕಥೆ ಆಗುತ್ತದೆ. ಇನ್ನೊಂದು ಮಾತು. ಜನರ ಮೊಬೈಲ್ ನಂಬರ್ ಗ್ರಾಫ್‌ನಲ್ಲಿ ಯಾಕೆ ಬೇಕು? ಲಾಗ್‌ನಲ್ಲಿ ಒಳಗಿನ ಗ್ರಾಹಕ ಸಂಖ್ಯೆ ಇದ್ದರೆ ಸಾಲದೇ?

ಪ್ರಶ್ನೆ: ಗ್ರಫಾನಾದಲ್ಲಿ ನಮ್ಮ ಆ್ಯಪ್‌ನ ಸರಾಸರಿ ಸಮಯ 0.3 ಸೆಕೆಂಡ್. ಆದರೂ ‘ದುಡ್ಡು ಕಟ್ಟುವಾಗ ಸುತ್ತುತ್ತಲೇ ಇರುತ್ತದೆ’ ಅಂತ ದೂರು ಬರುತ್ತದೆ. ಯಾರನ್ನು ನಂಬಲಿ?
— ಓದುಗರು, ಮಂಗಳೂರು

ದೂರು ಕೊಟ್ಟವರನ್ನು ನಂಬಿ. ನೂರು ಜನರಲ್ಲಿ 95 ಮಂದಿಗೆ 0.1 ಸೆಕೆಂಡ್, ಉಳಿದ ಐದು ಮಂದಿಗೆ 4.1 ಸೆಕೆಂಡ್ ಹಿಡಿದರೆ ಸರಾಸರಿ ಸರಿಯಾಗಿ 0.3. ಲೆಕ್ಕ ಹಾಕಿ ನೋಡಿ. ಆ ಐದು ಮಂದಿಯೇ ನಿಮಗೆ ದುಡ್ಡು ಕೊಡುವವರು. ಸರಾಸರಿಯ ಗ್ರಾಫ್ ತೆಗೆದು, ಬೇಗ ಮುಗಿದವರಿಂದ ಎಣಿಸುತ್ತಾ ಹೋದರೆ ನೂರರಲ್ಲಿ 99ನೆಯವರಿಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವ ಗ್ರಾಫ್ ಹಾಕಿ.

ಆದರೆ ಎಲ್ಲಿ ತಡವಾಯಿತು ಅಂತ ತಿಳಿಯಲು ಬೇರೆ ಸಾಧನ ಬೇಕು, ಟ್ರೇಸಿಂಗ್. ತಾಲ್ಲೂಕು ಕಚೇರಿಯ ಕಡತ ನೆನಪಿಸಿಕೊಳ್ಳಿ. ಅದು ಮೇಜಿನಿಂದ ಮೇಜಿಗೆ ಹೋಗುತ್ತದೆ. ಪ್ರತಿ ಮೇಜಿನಲ್ಲೂ ಬಂದ ಹೊತ್ತು, ಹೋದ ಹೊತ್ತು ಬರೆದರೆ ಯಾರ ಮೇಜಿನಲ್ಲಿ ಮಲಗಿತ್ತು ಅಂತ ಕೊನೆಗೆ ಗೊತ್ತಾಗುತ್ತದೆ. ಟ್ರೇಸ್ ಅಂದರೆ ಅಷ್ಟೇ. ಕಡತಕ್ಕೆ ಒಂದು ನಂಬರ್, ಪ್ರತಿ ಮೇಜಿಗೆ ಒಂದು ಸ್ಪ್ಯಾನ್. ಗೂಗಲ್‌ನವರು 2010ರಲ್ಲಿ ಡ್ಯಾಪರ್ ಎಂಬ ತಮ್ಮ ಟ್ರೇಸಿಂಗ್ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದರು. ಅದನ್ನು ನೋಡಿ ಟ್ವಿಟರ್‌ನವರು ಜಿಪ್‌ಕಿನ್ ಮಾಡಿದರು. ಉಬರ್‌ನವರು ಮಾಡಿದ ಯೇಗರ್ 2017ರಲ್ಲಿ ಎಲ್ಲರಿಗೂ ಸಿಕ್ಕಿತು.

ನೀವು ಕೋಡ್‌ನಲ್ಲಿ ಹಾಕಬೇಕಾದದ್ದು ಓಪನ್ ಟೆಲಿಮೆಟ್ರಿ, ಈ ಹೊತ್ತುಗಳನ್ನು ಬರೆದು ಕಳಿಸುವ ಸಾಧನ. 2019ರಲ್ಲಿ ಜಗಳವಾಡುತ್ತಿದ್ದ ಎರಡು ಯೋಜನೆಗಳನ್ನು ಕೂಡಿಸಿ ಮಾಡಿದ್ದು. ಅದನ್ನು ಒಮ್ಮೆ ಹಾಕಿದರೆ ಆಯಿತು. ಇವತ್ತು ಯೇಗರ್‌ಗೆ ಕಳಿಸಬಹುದು, ನಾಳೆ ಬೇಡವಾದರೆ ಬೇರೆ ಕಡೆಗೆ ತಿರುಗಿಸಬಹುದು, ಕೋಡ್ ಮುಟ್ಟಬೇಕಾಗಿಲ್ಲ. ಮೀಟರ್, ಲಾಗ್, ಕಡತ ಮೂರನ್ನೂ ಒಂದೇ ಕಡೆ ನೋಡುವ ಆಸೆಯಿದ್ದರೆ ಸಿಗ್‌ನೋಜ್ ನೋಡಿ. ನಮ್ಮ ಬೆಂಗಳೂರಿನಲ್ಲೇ ಶುರುವಾದದ್ದು.

ಎಲ್ಲ ಕಡತವನ್ನೂ ಉಳಿಸಬೇಡಿ. ನಿಧಾನವಾದವು, ಕೆಟ್ಟವು ಎಲ್ಲ ಇರಲಿ, ಚೆನ್ನಾಗಿ ಹೋದವುಗಳಲ್ಲಿ ನೂರಕ್ಕೆ ಒಂದು ಸಾಕು.

ಪ್ರಶ್ನೆ: ಓಪನ್ ಸೋರ್ಸ್ ಅಂದರೆ ಪುಕ್ಕಟೆ ತಾನೆ? ಮ್ಯಾನೇಜರ್‌ಗೆ ಹಾಗೇ ಹೇಳಿಬಿಡಲೇ?
— ಓದುಗರು, ಶಿವಮೊಗ್ಗ

ಹೇಳಬೇಡಿ. ಲೈಸೆನ್ಸ್‌ಗೆ ದುಡ್ಡಿಲ್ಲ ಅಂತ ಹೇಳಿ. ಸರ್ವರ್ ಬಾಡಿಗೆ ಇದೆ, ಡಿಸ್ಕ್ ಇದೆ, ಅಪ್‌ಡೇಟ್ ಮಾಡುತ್ತಾ ಕೂರುವ ನಿಮ್ಮ ಶನಿವಾರಗಳಿವೆ. ಅದನ್ನೂ ಬರೆದುಕೊಡಿ.

ಲೈಸೆನ್ಸ್ ಕೂಡ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. 2021ರಲ್ಲಿ ಲಾಗ್ ಹುಡುಕಲು ಬಳಸುವ ಎಲಾಸ್ಟಿಕ್‌ಸರ್ಚ್ ತನ್ನ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟಿತು. ಅಮೆಜಾನ್‌ನವರು ಹಳೇ ಕೋಡ್ ಹಿಡಿದು ಓಪನ್‌ಸರ್ಚ್ ಮಾಡಿದರು. ಎಲಾಸ್ಟಿಕ್ 2024ರಲ್ಲಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿ ಮತ್ತೆ ವಾಪಸ್ ಬಂತು. ಗ್ರಫಾನಾ ಕೂಡ 2021ರಿಂದ ಎಜಿಪಿಎಲ್. ಒಳಗೆ ಬಳಸುವ ನಿಮಗೆ ಇದರಿಂದ ತೊಂದರೆಯಿಲ್ಲ. ಕೋಡ್ ತಿದ್ದಿ ಬೇರೆಯವರಿಗೆ ಸೇವೆಯಾಗಿ ಕೊಡುವವರು ಮಾತ್ರ ವಕೀಲರನ್ನು ಕೇಳಲಿ.

ಪ್ರಶ್ನೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಚಿಕ್ಕಪುಟ್ಟ ಅಲರ್ಟ್ ಬರಬಾರದು ಅಂತ ಪ್ರೊಮಿಥಿಯಸ್‌ನ ‘ಅವರ್’ ಫಂಕ್ಷನ್ ಬಳಸಿ ನಿಯಮ ಬರೆದೆ. ಆದರೂ ರಾತ್ರಿ ಒಂದಕ್ಕೆ ಎಬ್ಬಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ನಿಜವಾದ ತೊಂದರೆ ಆದರೆ ತುಟಿ ಬಿಚ್ಚುವುದಿಲ್ಲ. ಮನೆಯವರು ಇದಕ್ಕೆ ದೆವ್ವ ಹಿಡಿದಿದೆ ಅನ್ನುತ್ತಾರೆ.
— ಓದುಗರು, ಮೈಸೂರು

ದೆವ್ವ ಅಲ್ಲ, ಗ್ರೀನಿಚ್. ಪ್ರೊಮಿಥಿಯಸ್ ಒಳಗೆ ಗಡಿಯಾರ ಯಾವಾಗಲೂ ಯುಟಿಸಿ, ಅಂದರೆ ಗ್ರೀನಿಚ್ ಸಮಯ. ನಮಗಿಂತ ಐದೂವರೆ ಗಂಟೆ ಹಿಂದೆ. ನಿಮ್ಮ ನಿಯಮ ನಿದ್ದೆ ಮಾಡುವುದು ನಮ್ಮ ಗಡಿಯಾರದಲ್ಲಿ ನಸುಕಿನ 3.30ರಿಂದ 11.30ರವರೆಗೆ. ಗ್ರಫಾನಾ ಬ್ರೌಸರಿನ ಹೊತ್ತನ್ನೇ ತೋರಿಸುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಐದೂವರೆ ಕಳೆದು ನಿಯಮ ತಿದ್ದಲು ಹೋಗಬೇಡಿ. ‘ಅವರ್’ ಪೂರ್ತಿ ಗಂಟೆ ಮಾತ್ರ ಹೇಳುತ್ತದೆ, ಅರ್ಧ ಗಂಟೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೀರಿ. ಆ ನಿಯಮ ಅಳಿಸಿ. ಅಲರ್ಟ್‌ಮ್ಯಾನೇಜರ್‌ನಲ್ಲಿ ಹೊತ್ತಿನ ಅವಧಿ ಬರೆಯುವ ಜಾಗವಿದೆ. ಅಲ್ಲಿ ಲೊಕೇಶನ್ ಅಂತ ಇರುವ ಕಡೆ ಏಷ್ಯಾ/ಕೋಲ್ಕತಾ ಹಾಕಿ. ಹಳೇ ಆವೃತ್ತಿಯಾದರೆ ಆ ಸಾಲು ಸಿಗುವುದಿಲ್ಲ, ಮೊದಲು ಅಪ್‌ಡೇಟ್ ಮಾಡಿಕೊಳ್ಳಿ. ಒಂದೇ ದಿನಾಂಕದಲ್ಲಿ 22.00ರಿಂದ 06.00 ಅಂತ ಬರೆದರೆ ಅದು ಒಪ್ಪುವುದಿಲ್ಲ. 22.00ರಿಂದ 24.00 ಒಂದು, 00.00ರಿಂದ 06.00 ಇನ್ನೊಂದು, ಹೀಗೆ ಎರಡು ತುಂಡು ಮಾಡಿ. ಸೈಟ್ ಪೂರ್ತಿ ನಿಂತದ್ದನ್ನು ಹೇಳುವ ಅಲರ್ಟ್‌ಗೆ ಮಾತ್ರ ಈ ರಜೆ ಕೊಡಬೇಡಿ.