ಅಜ್ಜನ ಬಗ್ಗೆ ಓದಿದೆ, ಅಜ್ಜಿ ಎಲ್ಲಿ?

ನಮಸ್ಕಾರ,

ನಿಮ್ಮ ಅಜ್ಜನ ಬಗ್ಗೆ ಬರೆದು ಕಳಿಸಿದ ಲೇಖನ 'ಮಣ್ಣಿನ ಮಗ, ದೇಶದ ಯೋಧ' ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಬೈಲಹೊಂಗಲದ ಕಡೆಯ ಹುಡುಗ, 1963ರಲ್ಲಿ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಭರ್ತಿಯಾಗುತ್ತಾನೆ, 1971ರ ಯುದ್ಧ ನೋಡುತ್ತಾನೆ, 1978ರಲ್ಲಿ ಹವಾಲ್ದಾರ್ ಆಗಿ ಊರಿಗೆ ಬಂದು ಎಂಟು ಎಕರೆ ಎರೆ ಹೊಲ ಹಿಡಿಯುತ್ತಾನೆ, ಕೊನೆಗೆ ಊರವರೇ ಪಂಚಾಯಿತಿಗೆ ಆರಿಸಿ ಕಳಿಸುತ್ತಾರೆ. ಇಂಥ ಸರಕು ಕೈಯಲ್ಲಿಟ್ಟುಕೊಂಡು ಸನ್ಮಾನ ಪತ್ರ ಬರೆದಿದ್ದೀರಲ್ಲ! ಮೊದಲ ಪುಟದಲ್ಲೇ 'ತ್ಯಾಗಮೂರ್ತಿ' ಮೂರು ಸಲ ಬಂದಿದೆ. ಮೂರನ್ನೂ ಹೊಡೆದು ಹಾಕಿ.

ಯುದ್ಧದ ಭಾಗ ಇಂಟರ್ನೆಟ್‌ನಿಂದ ಎತ್ತಿದ್ದು ಅಂತ ಗೊತ್ತಾಗುತ್ತದೆ. ಆಗಿನ ಪೂರ್ವ ಪಾಕಿಸ್ತಾನದ ಜಮಾಲ್‌ಪುರದಲ್ಲಿ ನಮ್ಮ ಬ್ರಿಗೇಡಿಯರ್ ಕ್ಲೇರ್ 'ಶರಣಾಗಿ' ಅಂತ ಚೀಟಿ ಕಳಿಸಿದ್ದು, ಪಾಕಿಸ್ತಾನದ ಕಡೆಯ ಕರ್ನಲ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ್ದು ಒಳ್ಳೇ ಕಥೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿದ್ದದ್ದು ಒಂದನೇ ಮರಾಠಾ ಬೆಟಾಲಿಯನ್, ಅಂದರೆ ಜಂಗಿ ಪಲ್ಟನ್. ನಿಮ್ಮ ಅಜ್ಜ ಅದರಲ್ಲಿದ್ದರಾ? ನೀವು ಎಲ್ಲೂ ಹೇಳಿಲ್ಲ. ಮರಾಠಾ ಅಂದರೆ ಒಂದೇ ಪಲ್ಟನ್ ಅಲ್ಲ. ಸೇನೆ ಬಿಡುವಾಗ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ ಮನೆಯಲ್ಲೇ ಇರಬೇಕು, ತೆಗೆದು ನೋಡಿ. ಅಜ್ಜ ಆ ಪಲ್ಟನ್‌ನಲ್ಲಿ ಇರಲಿಲ್ಲ ಅಂತಾದರೆ ಆ ಒಂದೂವರೆ ಪುಟ ಪೂರ್ತಿ ಹೋಗಬೇಕು. ನನಗೇನೂ ನಷ್ಟ ಅನ್ನಿಸುವುದಿಲ್ಲ, ಯಾಕಂದರೆ ಅಲ್ಲೇ ಮಧ್ಯೆ ಅಜ್ಜ ತಾವೇ ಹೇಳಿದ ಒಂದು ಮಾತು ಸಿಕ್ಕಿಕೊಂಡಿದೆ: 'ಕೊಯ್ಯಲಾರದ ಬಿಟ್ಟ ಭತ್ತ ಬಾಗಿ ನೆಲ ಮುಟ್ಟಿತ್ತು, ಅದರ ಮ್ಯಾಲೆ ತೆವಕೊಂತ ಹೋಗಬೇಕಾತು, ಯಾರ ಹೊಲಾನೋ ಏನೋ.' ಗುಂಡಿನ ಸದ್ದಿನ ನಡುವೆ ಯಾರದೋ ಬೆಳೆ ಹಾಳಾಯಿತಲ್ಲ ಅಂತ ಹೊಟ್ಟೆ ಉರಿದುಕೊಳ್ಳುವ ಸಿಪಾಯಿ! ಲೇಖನ ಇಲ್ಲಿಂದ ಶುರುವಾಗಲಿ.

ಈಗ ನನ್ನ ದೊಡ್ಡ ತಕರಾರು. 1963ರಿಂದ 1978ರವರೆಗೆ ಅಜ್ಜ ಪಲ್ಟನ್‌ನಲ್ಲಿದ್ದರು, ವರ್ಷಕ್ಕೊಮ್ಮೆ ರಜೆ. ಹಾಗಾದರೆ ಹದಿನೈದು ವರ್ಷ ಆ ಎಂಟು ಎಕರೆ ಹೊಲಕ್ಕೆ ಕುಂಟೆ ಹೊಡೆಸಿದ್ದು ಯಾರು? ಕೂರಿಗೆಯ ಹಿಂದೆ ನಡೆದದ್ದು ಯಾರು? ಸೊಸೈಟಿ ಸಾಲ ಕಟ್ಟಿದ್ದು ಯಾರು? 'ಅಜ್ಜಿ ಮನೆ ನೋಡಿಕೊಂಡರು' ಅಂತ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅಜ್ಜ ರೈತ ಹೌದು, ಆದರೆ ಆ ಹದಿನೈದು ವರ್ಷದ ರೈತ ಅಜ್ಜಿ ಅಲ್ವಾ? ಇನ್ನೊಂದು ವಿಷಯ ನೋಡಿ. ಡಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದದ್ದು 1971ರ ಡಿಸೆಂಬರ್ 16ಕ್ಕೆ. ಹಳೇ ಪಂಚಾಂಗ ತೆಗೆದು ನೋಡಿದೆ, ಮರುದಿನವೇ ಎಳ್ಳ ಅಮಾವಾಸ್ಯೆ. ಹಿಂಗಾರಿ ಜೋಳ ನಿಂತಿರುತ್ತದೆ, ಎಲ್ಲರೂ ಬುತ್ತಿ ಕಟ್ಟಿಕೊಂಡು ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗುವ ದಿನ. ಅವತ್ತು ಅಜ್ಜಿಗೆ ಗಂಡ ಬದುಕಿದ್ದಾನೆ ಅಂತ ಗೊತ್ತಿತ್ತಾ? ಹೊಲಕ್ಕೆ ಹೋಗಿದ್ದರಾ? ಅಜ್ಜಿ ಇನ್ನೂ ಇದ್ದಾರೆ ಅಂತ ನೀವೇ ಬರೆದಿದ್ದೀರಿ, ಹೋಗಿ ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ.

ಪಂಚಾಯಿತಿ ಭಾಗದಲ್ಲಿ ಒಂದು ತಪ್ಪಿದೆ. '1987ರಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರಾದರು' ಅಂದಿದ್ದೀರಿ. ಆಗ ಇದ್ದದ್ದು ಮಂಡಲ ಪಂಚಾಯಿತಿ, ಅದರ ಮುಖ್ಯಸ್ಥ ಪ್ರಧಾನ. ಈಗಿನ ಗ್ರಾಮ ಪಂಚಾಯಿತಿ ಬಂದದ್ದು 1993ರ ಕಾಯ್ದೆ ಆದಮೇಲೆ. ಸಣ್ಣ ವಿಷಯ ಅಂದುಕೊಳ್ಳಬೇಡಿ. ಅದು ಆಗಿನ ಗ್ರಾಮೀಣಾಭಿವೃದ್ಧಿ ಮಂತ್ರಿ ನಜೀರ್ ಸಾಬರ ಕಾಲ, ಊರೂರಿಗೆ ಬೋರ್ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ನಿಮ್ಮ ಅಜ್ಜನ ಕಥೆಗೆ ಬೆನ್ನೆಲುಬು ಅದೇ. ಊರಿಗೆ ಬಂದ ಬೋರಿಂಗ್ ತಮ್ಮ ಓಣಿಗೆ ಬೇಡ, ಕೇರಿಗೆ ಹಾಕಿ ಅಂತ ಅಜ್ಜ ಹಟ ಹಿಡಿದರು, ಅದಕ್ಕೆ ಅಜ್ಜಿ ಎಂಟು ದಿನ ಮಾತು ಬಿಟ್ಟರು ಅಂತ ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ 'ಹೀಗೆ ಅವರು ನಿಸ್ವಾರ್ಥ ಸೇವೆ ಸಲ್ಲಿಸಿದರು' ಅಂತ ನೀರು ಸುರಿದು ಆರಿಸಿಬಿಟ್ಟಿರಿ. ಅಜ್ಜಿ ಎಷ್ಟು ದೂರದಿಂದ ಕೊಡ ಹೊರುತ್ತಿದ್ದರು, ಮಾತು ಬಿಟ್ಟ ಎಂಟು ದಿನ ರೊಟ್ಟಿ ಬಡಿದು ಯಾರ ಕೈಲಿ ಕೊಟ್ಟು ಕಳಿಸುತ್ತಿದ್ದರು, ಅದು ಬೇಕು ನನಗೆ.

ಉದ್ದ ಸಾವಿರದ ಇನ್ನೂರು ಪದ ಸಾಕು, ಜಾಸ್ತಿ ಬೇಡ. ಸಂಭಾಷಣೆ ನಿಮ್ಮ ಕಡೆಯ ಮಾತಿನಲ್ಲೇ ಇರಲಿ, ತಿದ್ದಬೇಡಿ. ಹಾರ ಹಾಕಿದ ಫೋಟೋ ಬೇಡ. ಸಂಗ್ರಾಮ ಪದಕವನ್ನು ಬಿತ್ತನೆ ಬೀಜದ ಡಬ್ಬಿಯಲ್ಲಿ ಇಡುತ್ತಿದ್ದರು ಅಂದಿದ್ದೀರಲ್ಲ, ಆ ಡಬ್ಬಿ ಇನ್ನೂ ಇದ್ದರೆ ಅದರದೇ ಒಂದು ಫೋಟೋ ತೆಗೆದು ಕಳಿಸಿ, ಮುಚ್ಚಳ ತೆರೆದು.