ಮಾನಸಗಂಗೋತ್ರಿಯಲ್ಲಿ ಓದು, ಹೆಬ್ಬಾಳದಲ್ಲಿ ಕೆಲಸ: ಮೈಸೂರಿನಲ್ಲಿ ಮನೆ ಎಲ್ಲಿ ಮಾಡಬೇಕು?

ಹೆಂಡತಿಗೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ, ನಿಮಗೆ ಮೈಸೂರಿನದೇ ಹೆಬ್ಬಾಳದಲ್ಲಿ ಕೆಲಸ, ಜೊತೆಗೆ ಶಾಲೆಗೆ ಹೋಗುವ ಮಗು ಅಂತ ಬರೆದಿದ್ದೀರಿ. ಹಾಗಿದ್ದರೆ ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ವಿಜಯನಗರ ಒಂದನೇ, ಎರಡನೇ ಹಂತ. ಇಬ್ಬರ ದಾರಿಗೂ ನಡುವೆ ಬರುತ್ತದೆ, ಯಾರೂ ಊರಿನ ಒಳಗೆ ಹೊಕ್ಕು ಹೊರಡಬೇಕಿಲ್ಲ.

ಸರಸ್ವತಿಪುರಂ ನನಗೆ ತುಂಬಾ ಇಷ್ಟ. ಹಳೇ ಮರಗಳು, ನಡೆದು ಹೋಗುವಷ್ಟು ಹತ್ತಿರದಲ್ಲೇ ಅಂಗಡಿಗಳು, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ನೀರಿನಲ್ಲಿ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ. ಆದರೆ ಅಲ್ಲಿಂದ ಹೆಬ್ಬಾಳ ನಿಮಗೆ ದಿನಾ ದೂರವಾಗುತ್ತದೆ. ಗೋಕುಲಂ ಕೂಡ ಚೆನ್ನಾಗಿದೆ, ಆದರೆ ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಬಾಡಿಗೆ ಜಾಸ್ತಿ.

ರಿಂಗ್ ರೋಡ್ ಆಚೆಯ ಹೊಸ ಬಡಾವಣೆಗಳಲ್ಲಿ ದೊಡ್ಡ ಮನೆ ಕಡಿಮೆ ಬಾಡಿಗೆಗೆ ಸಿಗಬಹುದು. ಅಲ್ಲಿ ಮೊದಲು ನೀರಿನ ವಿಷಯ ಕೇಳಿ. ನಲ್ಲಿ ನೀರು ಬರುತ್ತಾ, ಬೋರ್‌ವೆಲ್ಲೇ ಗತಿಯಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾ? ಮಾಲೀಕರ ಮಾತಿನ ಜೊತೆಗೆ ಪಕ್ಕದ ಮನೆಯವರನ್ನೂ ಕೇಳಿ. ನಾನು ಹಾಗೆ ಕೇಳದೆ ಅಡ್ವಾನ್ಸ್ ಕೊಟ್ಟು, ಏಪ್ರಿಲ್‌ನಲ್ಲಿ ಸಂಪ್ ಮುಚ್ಚಳ ತೆಗೆದು ನೋಡಿದಾಗ ತಳದಲ್ಲಿ ಒಂದು ಗೇಣು ನೀರು ಮಾತ್ರ ಇತ್ತು.

ಆಮೇಲೆ ಸುಮ್ನೆ ಫೋಟೋ ನೋಡಿ ಒಪ್ಪಬೇಡಿ. ಯಾವುದಾದರೂ ಕೆಲಸದ ದಿನ ಬಂದು, ಬೆಳಗ್ಗೆ ಎಂಟೂವರೆಗೆ ಮನೆಯಿಂದ ಶಾಲೆಗೆ, ಅಲ್ಲಿಂದ ಆಫೀಸಿಗೆ ಗಾಡಿ ಓಡಿಸಿ ನೋಡಿ. ಟು-ಲೆಟ್ ಬೋರ್ಡುಗಳು ಕಾಣುವುದೂ ಹಾಗೆ ಬೀದಿ ಸುತ್ತಿದಾಗಲೇ.