ಹಾಡು ನನ್ನದು, ಆಲ್ಬಂ ಯಾರದ್ದು?

ಪ್ರಶ್ನೆ: ನಾನು ಹಾಡು ಬರೆದು ಹಾಡುತ್ತೇನೆ. ನಾಲ್ಕು ವರ್ಷದಿಂದ ಮೂವರು ಗೆಳೆಯರು ನನ್ನ ಜೊತೆ ನುಡಿಸುತ್ತಿದ್ದಾರೆ. ಮೊದಲ ಆಲ್ಬಂ ರೆಡಿ ಇದೆ, ಒಂಬತ್ತು ಹಾಡು, ಬಿಡುಗಡೆಗೆ ಇನ್ನು ಆರು ವಾರ. ಸಾಹಿತ್ಯ, ಟ್ಯೂನ್ ಎರಡೂ ನಂದೇ ಅಂತ ಕವರ್ ಮೇಲೆ ನನ್ನ ಹೆಸರೊಂದನ್ನೇ ಹಾಕಿಸಿ ಗ್ರೂಪ್‌ಗೆ ಕಳಿಸಿದೆ. ಆವತ್ತಿನಿಂದ ಗಿಟಾರ್ ನುಡಿಸುವ ಗೆಳೆಯ ಮಾತೇ ಆಡುತ್ತಿಲ್ಲ. ಪ್ರಾಕ್ಟೀಸ್‌ಗೆ ಬರುತ್ತಾನೆ, ನುಡಿಸುತ್ತಾನೆ, ಗಿಟಾರ್ ಕೇಸಿಗೆ ಹಾಕಿ ಹೊರಡುತ್ತಾನೆ. ನಾನು ಮಾಡಿದ್ದು ತಪ್ಪಾ?

ಉತ್ತರ: ಒಂಬತ್ತು ಹಾಡು ಮುಗಿಸಿದ್ದೀರಲ್ಲ, ಮೊದಲು ಅದಕ್ಕೆ ಅಭಿನಂದನೆ. ಶುರು ಮಾಡುವವರು ಜಾಸ್ತಿ, ಮುಗಿಸುವವರು ಕಡಿಮೆ.

ಕವರ್ ಮೇಲೆ ನಿಮ್ಮ ಹೆಸರು ಬಂದರೆ ನನಗೇನೂ ತಕರಾರಿಲ್ಲ. ಆದರೆ ನಾಲ್ಕು ವರ್ಷ ಜೊತೆಗಿದ್ದವರಿಗೆ ಈ ತೀರ್ಮಾನ ಗೊತ್ತಾಗಿದ್ದು ಗ್ರೂಪಿಗೆ ಬಂದ ಒಂದು ಫೋಟೋದಿಂದ. ಒಂದು ಮಾತು ಕೇಳಬೇಕಿತ್ತು, ಅಲ್ವಾ? ಗಿಟಾರ್ ನುಡಿಸುವ ಗೆಳೆಯನಿಗೆ ನೋವಾಗಿರುವುದು ಅಲ್ಲೇ ಇರಬೇಕು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ ಪ್ರತಿ ಹಾಡಿನ ಮೊದಲ ರೆಕಾರ್ಡಿಂಗ್ ಇದ್ದೇ ಇರುತ್ತದೆ, ಹಾಸಿಗೆ ಮೇಲೆ ಕೂತು ಒಬ್ಬರೇ ಹಾಡಿಕೊಂಡಿದ್ದು, ಹಿಂದೆ ಫ್ಯಾನಿನ ಸದ್ದು ಸಮೇತ. ಅದನ್ನು ಕೇಳಿ. ತಕ್ಷಣ ಅದೇ ಹಾಡಿನ ಫೈನಲ್ ಮಿಕ್ಸ್, ಅಂದರೆ ಎಲ್ಲ ವಾದ್ಯ ಸೇರಿಸಿ ಮುಗಿಸಿದ ರೆಕಾರ್ಡಿಂಗ್, ಕೇಳಿ. ನಡುವೆ ಏನೇನು ಬಂದು ಸೇರಿದೆ ಅಂತ ಹಾಳೆಯಲ್ಲಿ ಬರೆಯಿರಿ. ಕೆಲವು ಹಾಡುಗಳಲ್ಲಿ ಬ್ಯಾಂಡು ನಿಮ್ಮ ಟ್ಯೂನಿಗೆ ಚೆನ್ನಾಗಿ ಜೊತೆ ಕೊಟ್ಟಿರುತ್ತದೆ, ಅಷ್ಟೇ. ಇನ್ನು ಒಂದೆರಡರಲ್ಲಿ, ನೀವು ಬಾಯಿ ತೆರೆಯುವ ಮೊದಲೇ ಬರುವ ಆ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಗಿಟಾರ್, ಕೇಳಿದವರು ಮನೆಗೆ ಹೋಗುವಾಗ ಗುನುಗುವುದೂ ಅದನ್ನೇ, ಅದು ಫೋನಿನ ರೆಕಾರ್ಡಿಂಗಿನಲ್ಲಿ ಇರುವುದೇ ಇಲ್ಲ. ಹಾಗಿದ್ದರೆ ಆ ಹಾಡಿನ ಟ್ಯೂನ್ ಪೂರ್ತಿ ನಂದೇ ಅನ್ನುವುದು ಕಷ್ಟ.

ಇದು ಬರೀ ಮನಸ್ಸಿನ ವಿಷಯ ಅಲ್ಲ, ದುಡ್ಡಿನದ್ದೂ ಹೌದು. ಬ್ರಿಟನ್ನಿನ ಪ್ರೊಕಾಲ್ ಹರಮ್ ಬ್ಯಾಂಡಿನ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡು ಬಂದಿದ್ದು 1967ರಲ್ಲಿ. ಅದರ ಪ್ರಸಿದ್ಧ ಆರ್ಗನ್ ಭಾಗ ಕಟ್ಟಿದ ಮ್ಯಾಥ್ಯೂ ಫಿಶರ್ ಹೆಸರು ಸಂಯೋಜಕರ ಸಾಲಿನಲ್ಲಿ ಇರಲಿಲ್ಲ. ಅವರು 2005ರಲ್ಲಿ ಕೇಸು ಹಾಕಿದರು. ಅದು ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು, 2009ರಲ್ಲಿ ಅವರು ಗೆದ್ದರು. ಸಂಗೀತದ ಹಕ್ಕಿನಲ್ಲಿ ಅವರಿಗೆ ಸಿಕ್ಕಿದ್ದು ಶೇ 40. ಒಂದು ಸಂಜೆ ಕೂತು ಆಡಬಹುದಾದ ಮಾತಿಗೆ ನಲವತ್ತು ವರ್ಷ ಹಿಡಿಯಿತು.

ಇಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ, ಸುಮ್ನೆ ಒಂದಕ್ಕೊಂದು ಸೇರಿಸಬೇಡಿ. ಹಾಡು, ಅಂದರೆ ಸಾಹಿತ್ಯ ಮತ್ತು ಟ್ಯೂನ್, ಒಂದು. ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್ ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ಪಾಲು ದೊಡ್ಡದು, ಅದರಲ್ಲಿ ಸಂಕೋಚ ಬೇಡ. ಎರಡನೆಯದರಲ್ಲಿ ನಾಲ್ಕೂ ಜನ ಇದ್ದೀರಿ. ಸ್ಟುಡಿಯೋ ಖರ್ಚು ಯಾರು ಹಾಕಿದರು ಅನ್ನುವುದೂ ಅಲ್ಲೇ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಆರ್.ಇ.ಎಮ್. ಬ್ಯಾಂಡಿನವರು ಹಾಡುಗಳಿಗೆ ನಾಲ್ವರ ಹೆಸರೂ ಹಾಕುತ್ತಿದ್ದರು. ನೀವೂ ಹಾಗೇ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಒಂದೊಂದೇ ಹಾಡು ತೆಗೆದುಕೊಂಡು, ಯಾರಿಗೆ ಎಷ್ಟು ಅಂತ ಬರೆದು ನಾಲ್ಕೂ ಜನ ಸಹಿ ಹಾಕಿ. ಬಾಯಿಮಾತು ಬೇಡ.

ಕವರಿನ ವಿಷಯಕ್ಕೆ, ನಿಮ್ಮ ಹೆಸರಿನ ಜೊತೆ ಬ್ಯಾಂಡಿಗೂ ಒಂದು ಹೆಸರು ಇಡಬಹುದು. 1976ರಲ್ಲಿ ಅಮೆರಿಕದ ರಾಕ್ ಗಾಯಕ ಟಾಮ್ ಪೆಟ್ಟಿ ತಮ್ಮ ಮೊದಲ ಆಲ್ಬಂ ತಂದಿದ್ದು 'ಟಾಮ್ ಪೆಟ್ಟಿ ಅಂಡ್ ದ ಹಾರ್ಟ್‌ಬ್ರೇಕರ್ಸ್' ಅಂತಲೇ. ನನಗೆ ಈ ದಾರಿ ಇಷ್ಟ.

ಆದರೆ ಗ್ರೂಪಿನಲ್ಲಿ ಇದನ್ನು ಚರ್ಚೆಗೆ ಹಾಕಬೇಡಿ. ಮೊದಲು ಗಿಟಾರ್ ಗೆಳೆಯನೊಬ್ಬನನ್ನೇ ಭೇಟಿಯಾಗಿ. "ನಿನ್ನನ್ನು ಕೇಳದೆ ಹಾಕಿಸಿದೆ, ತಪ್ಪಾಯ್ತು" ಅನ್ನಿ, ಅದಕ್ಕೆ 'ಆದರೆ' ಸೇರಿಸಬೇಡಿ. ಹಳೇ ರೆಕಾರ್ಡಿಂಗ್ ಅವನಿಗೂ ಕೇಳಿಸಿ. ನೀವು ಬರೆದ ಹಾಳೆ ತೋರಿಸಿ. ಅವನು ಏನೂ ಹೇಳದೆ ಕೂತರೂ ಸ್ವಲ್ಪ ಹೊತ್ತು ಕಾಯಿರಿ.

ಸಮಯ ಇದೆ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್ ಆರಿಸುವ ಎಡಿಟರ್‌ಗಳಿಗೆ ಒಂದು ಹಾಡು ಕಳಿಸಬೇಕಾದರೂ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಸಾಕು. ಹಾಡುಗಳನ್ನು ಇಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ಫೈಲ್ ಕೊಡುವಾಗ ಪ್ರತಿ ಹಾಡಿಗೂ ಬರೆದವರು, ಸಂಯೋಜಿಸಿದವರು ಯಾರು ಅಂತ ತುಂಬಬೇಕಾಗುತ್ತದೆ, ಅಷ್ಟರೊಳಗೆ ಸಹಿ ಆಗಿರಲಿ. ಕವರ್ ಡಿಸೈನ್ ಮಾಡಿದವರಿಗೆ ಇವತ್ತೇ ಫೋನ್ ಮಾಡಿ, ಒಂದು ವಾರ ತಡೆಯಲು ಹೇಳಿ.